ಸಾಣೆ ಹಿಡಿಯುವ ಮುನ್ನ: ಜೇಬುಚಾಕು, ಮಲ್ಟಿಟೂಲ್ ಅಲಗಿನ ದೋಷ ಪತ್ತೆ

ಹೋಟೆಲ್ ಅಡುಗೆಮನೆಗಳ ಗ್ರೈಂಡರ್, ಫ್ರಿಜ್, ಹೊಗೆ ಎಳೆಯುವ ಫ್ಯಾನುಗಳ ದುರಸ್ತಿ ನನ್ನ ಕಸುಬು. ಮನೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಕೆಲಸ ಮಾಟುಂಗಾದಿಂದ ಮುಲುಂಡ್‌ವರೆಗೆ ಎಲ್ಲಿ ಕರೆದರೆ ಅಲ್ಲಿ. ಸೊಂಟದ ಚೀಲದಲ್ಲಿ ಇಕ್ಕಳ, ಚಾಕು ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ಒಂದು ಮಲ್ಟಿಟೂಲ್, ಪ್ಯಾಂಟಿನ ಜೇಬಿನಲ್ಲಿ ಕೆಂಪು ಹಿಡಿಯ ಒಂದು ಮಡಚುವ ಚಾಕು ಇಲ್ಲದೆ ಲೋಕಲ್ ರೈಲು ಹತ್ತಿದ ದಿನ ನೆನಪಿಲ್ಲ. ಇದನ್ನು ಕಂಡವರು ತಮ್ಮ ಮನೆಯ, ಅಂಗಡಿಯ ಚಾಕುಗಳನ್ನೆಲ್ಲ ತಂದು ನನ್ನ ಮುಂದೆ ಇಡುತ್ತಾರೆ. ಚಾಕುವಿನ ಜೊತೆಗೆ ತೀರ್ಪನ್ನೂ ತಂದಿರುತ್ತಾರೆ: "ಇದರ ಉಕ್ಕೇ ಸರಿಯಿಲ್ಲ."

ಉಕ್ಕಿನ ತಪ್ಪು ಇರುವುದು ಅಪರೂಪ. ತಪ್ಪು ಎಲ್ಲಿದೆ ಎಂಬುದು ಅಲಗಿನ ಬಾಯಿಯಲ್ಲೇ, ಅಂದರೆ ಕೊಯ್ಯುವ ಅಂಚಿನಲ್ಲೇ ಬರೆದಿರುತ್ತದೆ. ಆದರೆ ಜನ ಚಾಕು ಕೊಯ್ಯುತ್ತಿಲ್ಲ ಎಂದ ಕೂಡಲೇ ಸಾಣೆಗೆ ಕೊಡುತ್ತಾರೆ, ಸಾಣೆಕಲ್ಲು ಆ ಬರಹವನ್ನು ಉಜ್ಜಿ ಅಳಿಸುತ್ತದೆ. ಮೂಲ ಕಾರಣ ಹಾಗೇ ಉಳಿದು ಇನ್ನೊಂದು ವಾರಕ್ಕೆ ಮತ್ತೆ ಮೊಂಡಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದ್ದರಿಂದ ಈ ಬರಹದಲ್ಲಿ ಸಾಣೆಯ ಮಾತು ಕಡಿಮೆ, ನೋಡುವ ಮಾತು ಹೆಚ್ಚು.

ಮೊದಲು ತೊಳೆಯಿರಿ

ಮಾಟುಂಗಾದ ಒಂದು ಹೋಟೆಲಿನ ಶೆಟ್ಟರು ಎರಡು ವಾರದ ಹಿಂದಷ್ಟೇ ಕೊಂಡಿದ್ದ ಮಲ್ಟಿಟೂಲನ್ನು ನನ್ನ ಮುಂದೆ ಎಸೆದರು. "ನೀವು ಹೇಳಿದಿರಿ ಎಂದು ತೆಗೆದುಕೊಂಡೆ ಮಾರಾಯರೆ, ಒಂದು ಟೇಪು ಕೊಯ್ಯಲಿಕ್ಕೂ ಆಗುವುದಿಲ್ಲ." ಅವರ ದಾಸ್ತಾನು ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ರಟ್ಟಿನ ಪೆಟ್ಟಿಗೆ ಬಿಚ್ಚುವುದೇ ಕೆಲಸ. ಅಲಗನ್ನು ತೆರೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಬಾಯಿಯಿಂದ ಎರಡು ಮಿಲಿಮೀಟರ್ ಮೇಲಿನವರೆಗೆ ಕಂದು ಬಣ್ಣದ ಮಸುಕಾದ ಪಟ್ಟಿ, ಅದರ ಮೇಲೆ ರಟ್ಟಿನ ನಾರು, ಧೂಳು. ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಹಲಸಿನ ಮೇಣದಂತೆ ಹಿಡಿಯುತ್ತಿತ್ತು. ಅಡುಗೆಮನೆಯಿಂದ ಎರಡು ಹನಿ ತೆಂಗಿನೆಣ್ಣೆ ತರಿಸಿ, ಹಳೆಯ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ನಾಲ್ಕಾರು ಸಲ ಒರೆಸಿದೆ. ಬಟ್ಟೆ ಕರ್ರಗಾಯಿತು. ಮೇಜಿನ ಮೇಲಿದ್ದ ಪತ್ರಿಕೆಯ ಹಾಳೆಯನ್ನು ಎತ್ತಿ ಹಿಡಿದು ಅಲಗು ಇಳಿಸಿದರೆ ಸದ್ದಿಲ್ಲದೆ ಸೀಳಿತು.

ಅದು ಮೊಂಡಾಗಿರಲಿಲ್ಲ, ಅಂಟಿಕೊಂಡಿತ್ತು. ಪ್ಯಾಕಿಂಗ್ ಟೇಪಿನ ಅಂಟು ಅಲಗಿನ ಎರಡೂ ಮಗ್ಗುಲನ್ನು ಹಿಡಿದು ನಿಲ್ಲಿಸುತ್ತದೆ, ಕೈಗೆ ಅದು ಮೊಂಡು ಎಂದೇ ಅನಿಸುತ್ತದೆ. ಊರಿನಲ್ಲಿ ಹಲಸು ಕೊಯ್ಯುವ ಮೊದಲು ಕತ್ತಿಗೆ ಎಣ್ಣೆ ಸವರುವ ನಮ್ಮವರು ಮುಂಬಯಿಗೆ ಬಂದ ಮೇಲೆ ಈ ಸರಳ ಸಂಗತಿಯನ್ನು ಮರೆಯುತ್ತಾರೆ. ಎಣ್ಣೆಯಲ್ಲಿ ಹೋಗದ ಅಂಟಿಗೆ ಸೀಮೆಎಣ್ಣೆ ಅಥವಾ ಟರ್ಪಂಟೈನ್ ಸಾಕು. ಆಮೇಲೆ ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಇಷ್ಟಕ್ಕೇ ಗುಣವಾದರೆ ಮುಂದೆ ಓದುವ ಅಗತ್ಯವಿಲ್ಲ.

ಬೆಳಕಿನಲ್ಲಿ ನೋಡುವ ಕ್ರಮ

ಅಲಗಿನ ಬಾಯಿಯನ್ನು ಮೇಲಕ್ಕೆ ಮಾಡಿ, ಮೊಬೈಲಿನ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಿಂದ ಅದರ ಮೇಲೆ ಬಿಡಿ. ಚಾಕುವನ್ನು ಅತ್ತಿತ್ತ ಮೆಲ್ಲಗೆ ಓಲಾಡಿಸಿ. ಹರಿತವಾದ ಬಾಯಿಯ ಅಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೇ ಅಥವಾ ಅದಕ್ಕಿಂತ ಕಡಿಮೆ. ಬೆಳಕು ಹಿಂತಿರುಗಿ ಬರಲು ಅಲ್ಲಿ ಜಾಗವೇ ಇರುವುದಿಲ್ಲ, ಬಾಯಿ ಕಾಣಿಸುವುದೇ ಇಲ್ಲ. ಎಲ್ಲಿ ಬಿಳಿಯ ಗೆರೆಯೋ ಚುಕ್ಕೆಯೋ ಮಿನುಗಿತೋ ಅಲ್ಲಿ ದೋಷ ಇದೆ.

ಆ ಮಿನುಗು ಹೇಗಿದೆ, ಎಲ್ಲಿದೆ ಎಂದು ಕಾಗದದ ಮೇಲೆ ಒಂದು ಗೆರೆ ಎಳೆದು ಗುರುತು ಹಾಕಿಕೊಳ್ಳಿ. ಉದ್ದಕ್ಕೂ ಸಮನಾದ ತೆಳು ಗೆರೆ ಇದ್ದರೆ ಅದು ಸವೆತ. ರಟ್ಟು, ಹಗ್ಗ, ಗೋಣಿ ಕೊಯ್ದ ಚಾಕುವಿನದು ಹೀಗೆಯೇ ಇರುತ್ತದೆ. ತುದಿಯ ಬಳಿ ಬಾಗಿದ ಭಾಗ ಮಾತ್ರ ಮಿನುಗಿ ಉಳಿದದ್ದು ಕತ್ತಲಾಗಿದ್ದರೆ, ಯಾರೋ ಪಿಂಗಾಣಿ ತಟ್ಟೆಯ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಲಿಂಬೆಹಣ್ಣು ಕೊಯ್ದಿದ್ದಾರೆ. ಕೆಳಗಿನ ಗಟ್ಟಿ ನೆಲಕ್ಕೆ ಮೊದಲು ತಾಗುವುದು ಆ ಬಾಗು. ಹಿಡಿಯ ಹತ್ತಿರ ಒಂದೆರಡು ಚುಕ್ಕೆಗಳಿದ್ದರೆ ತಂತಿಯ ಪ್ಲಾಸ್ಟಿಕ್ ಸುಲಿದದ್ದು, ಏಕೆಂದರೆ ಬಲ ಬೇಕಾದ ಕೆಲಸಕ್ಕೆ ಕೈ ತಾನಾಗಿ ಹಿಡಿಯ ಬಳಿಯ ಭಾಗವನ್ನು ಆರಿಸುತ್ತದೆ. ಮೊನೆಯಲ್ಲೇ ಮಿನುಗಿದರೆ ಡಬ್ಬದ ಮುಚ್ಚಳ ಎಬ್ಬಿಸಿದ್ದು. ಚಾಕುವಿನ ಯಜಮಾನ "ನಾನು ಹಣ್ಣು ಬಿಟ್ಟು ಬೇರೇನೂ ಕೊಯ್ದಿಲ್ಲ" ಎಂದು ಎಷ್ಟೇ ಆಣೆ ಇಟ್ಟರೂ ಅಲಗು ಸುಳ್ಳು ಹೇಳುವುದಿಲ್ಲ.

ಎರಡನೆಯ ಪರೀಕ್ಷೆ ಹತ್ತಿಯದು. ಒಂದು ಚಿಟಿಕೆ ಹತ್ತಿಯನ್ನು ಅಲಗಿನ ಎರಡೂ ಮಗ್ಗುಲಿನಿಂದ, ಬೆನ್ನಿನಿಂದ ಬಾಯಿಯಾಚೆಗೆ ಸವರಿ. ಒಂದು ಕಡೆಯಿಂದ ನುಣುಪಾಗಿ ಹೋಗಿ ಇನ್ನೊಂದು ಕಡೆಯಿಂದ ಎಳೆ ಸಿಕ್ಕಿಕೊಂಡರೆ ಬಾಯಿ ಆ ಕಡೆಗೆ ಮಗುಚಿದೆ. ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹಲ್ಲು ಬಿದ್ದಿದೆ. ಮಗುಚುವುದು ಮೆದು ಉಕ್ಕಿನ ಗುಣ, ಹಲ್ಲು ಬೀಳುವುದು ಗಡಸು ಉಕ್ಕಿನ ಗುಣ. ಚಿಕಿತ್ಸೆ ಬೇರೆ ಬೇರೆ. ಮಗುಚಿದ್ದನ್ನು ಉಕ್ಕು ಕಳೆಯದೆ ನೆಟ್ಟಗೆ ಮಾಡಬಹುದು. ಚಹಾದ ಪಿಂಗಾಣಿ ಬಟ್ಟಲನ್ನು ಕವುಚಿ ಹಾಕಿದರೆ ಕೆಳಗೆ ಹೊಳಪಿಲ್ಲದ ಒರಟು ಬಳೆ ಕಾಣುತ್ತದಲ್ಲ, ಅದರ ಮೇಲೆ ಪ್ರತಿ ಮಗ್ಗುಲನ್ನು ಹಗುರವಾಗಿ ಐದಾರು ಸಲ ಎಳೆದರೆ ಸಾಕು. ತಟ್ಟೆಯಾಗಿ ಚಾಕುವನ್ನು ಕೊಲ್ಲುವ ಪಿಂಗಾಣಿಯೇ ಬಟ್ಟಲಿನ ಬುಡವಾಗಿ ಅದನ್ನು ಬದುಕಿಸುತ್ತದೆ. ಉಕ್ಕಿಗಿಂತ ಅದು ಗಡಸು ಎಂಬುದೇ ಎರಡಕ್ಕೂ ಕಾರಣ. ಹಲ್ಲು ಬಿದ್ದದ್ದಕ್ಕೆ ಮಾತ್ರ ಆ ಹಲ್ಲಿನ ಆಳದವರೆಗೆ ಇಡೀ ಬಾಯಿಯನ್ನು ಕಲ್ಲಿನಲ್ಲಿ ತೇಯದೆ ಬೇರೆ ದಾರಿ ಇಲ್ಲ.

ಸಾಣೆ ಹಿಡಿಸಿದ ಮರುದಿನವೇ ಮೊಂಡು

ನನ್ನ ಬಳಿ ಬರುವ ದೂರುಗಳಲ್ಲಿ ಇದೇ ದೊಡ್ಡದು. ಸೈಕಲ್ಲಿನ ಮೇಲೆ ಸಾಣೆಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಕೂಗುತ್ತ ಬರುವ ಧಾರ್‌ವಾಲಾನ ಕೈಗೆ ಕೊಟ್ಟಿರುತ್ತಾರೆ. ಅವನು ಕಿಡಿ ಹಾರಿಸಿ ಕೊಟ್ಟ ಕ್ಷಣಕ್ಕೆ ಚಾಕು ಕೂದಲು ಕೂಡ ಕೊಯ್ಯುತ್ತದೆ. ಮರುದಿನ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಇದಕ್ಕೆ ಎರಡು ಕಾರಣಗಳು ಇರಬಹುದು, ಹಲವು ಸಲ ಎರಡೂ ಒಟ್ಟಿಗೆ ಇರುತ್ತವೆ.

ಒಂದನೆಯದು ಕಂಬಿ. ಕಲ್ಲಿನಲ್ಲಿ ಒಂದು ಮಗ್ಗುಲನ್ನು ತೇಯುವಾಗ ಬಾಯಿಯ ತುತ್ತತುದಿಯ ಉಕ್ಕು ಇನ್ನೊಂದು ಮಗ್ಗುಲಿಗೆ ತೆಳ್ಳಗೆ ಮಗುಚಿ ನಿಲ್ಲುತ್ತದೆ. ಕೂದಲಿಗಿಂತ ತೆಳುವಾದ ಆ ಕಂಬಿಯನ್ನು ತೆಗೆಯದೆ ಬಿಟ್ಟರೆ ಅದೇ ಬಾಯಿಯ ವೇಷ ಹಾಕಿಕೊಂಡು ಒಂದೆರಡು ಸಲ ಚೆನ್ನಾಗಿ ಕೊಯ್ಯುತ್ತದೆ, ಆಮೇಲೆ ಬಾಗಿ ಮಲಗಿಬಿಡುತ್ತದೆ. ಹೆಬ್ಬೆರಳನ್ನು ಅಲಗಿನ ಮಗ್ಗುಲ ಮೇಲಿಟ್ಟು ಬಾಯಿಯಿಂದಾಚೆಗೆ, ಎಂದೂ ಬಾಯಿಯ ಉದ್ದಕ್ಕಲ್ಲ, ಮೆಲ್ಲಗೆ ಜಾರಿಸಿದರೆ ಒಂದು ಕಡೆ ಸಣ್ಣ ತಡೆ ಸಿಗುತ್ತದೆ. ಅದೇ ಕಂಬಿ. ನುಣುಪು ಕಲ್ಲಿನ ಮೇಲೆ ಒತ್ತಡವೇ ಹಾಕದೆ ಎರಡೂ ಮಗ್ಗುಲನ್ನು ಒಂದರ ನಂತರ ಒಂದು ಎಳೆಯುತ್ತ ಹೋದರೆ ಅದು ಉದುರುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಯ ಮೇಲೆ, ಬಾಯಿ ಹಿಂದಾಗಿ ಬೆನ್ನು ಮುಂದಾಗಿ, ಇಪ್ಪತ್ತು ಸಲ ಎಳೆಯಿರಿ.

ಎರಡನೆಯದು ಬಿಸಿ. ಒಣ ಚಕ್ರದ ಮೇಲೆ ಕಿಡಿ ಹಾರುತ್ತಿದೆ ಎಂದರೆ ಕ್ಷಣಮಾತ್ರಕ್ಕಾದರೂ ಬಾಯಿಯ ತುದಿ ಹದ ಕಳೆದುಕೊಳ್ಳುವಷ್ಟು ಕಾಯಬಹುದು. ಅಷ್ಟು ತೆಳು ಲೋಹಕ್ಕೆ ಶಾಖವನ್ನು ಹಿಂದಕ್ಕೆ ಸಾಗಿಸಲು ಮೈಯೇ ಇಲ್ಲ. ಅಲಗಿನ ಉಳಿದ ಭಾಗ ಕೈಗೆ ತಣ್ಣಗೇ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಧಾರ್‌ವಾಲಾನನ್ನು ಬಯ್ಯಬೇಕಾಗಿಲ್ಲ. ಅವನ ಚಕ್ರ ಹುಟ್ಟಿದ್ದು ದಪ್ಪ ಅಡುಗೆ ಕತ್ತಿಗೆ, ದರ್ಜಿಯ ಕತ್ತರಿಗೆ. ಒಂದೂವರೆ ಸೆಂಟಿಮೀಟರ್ ಅಗಲದ ಜೇಬುಚಾಕು ಅಲ್ಲಿಗೆ ಹೋಗಲೇಬಾರದು. ಹೀಗೆ ಕೆಟ್ಟ ಬಾಯಿಯನ್ನು ಕೈಸಾಣೆಯಲ್ಲಿ, ನೀರು ಹಾಕಿ, ಎರಡು ಮೂರು ಸಲ ಬೇರೆ ಬೇರೆ ದಿನ ತೇಯ್ದರೆ ಕೆಟ್ಟ ಪದರ ಹೋಗಿ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ.

ಇದೇ ಮಾತು ಹೊಚ್ಚ ಹೊಸ ಚಾಕುವಿಗೂ ಸಲ್ಲುತ್ತದೆ. ಕಾರ್ಖಾನೆಯಲ್ಲೂ ಬಾಯಿ ಕಟ್ಟುವುದು ಯಂತ್ರದ ವೇಗದಲ್ಲೇ. ಅಲ್ಲಿಂದ ಬಂದ ಮೊದಲ ಧಾರ ಬೇಗ ಹೋಯಿತೆಂದು ಉಕ್ಕಿಗೆ ಶಾಪ ಹಾಕಬೇಡಿ. ಮೂರನೆಯ ಸಾಣೆಯವರೆಗೆ ತೀರ್ಪು ಕಾಯ್ದಿರಿಸಿ.

ಕೋನ ತಪ್ಪಿದರೆ

ಸಾಣೆ ಹಿಡಿದೂ ಹಿಡಿದೂ ಹರಿತವೇ ಆಗದಿದ್ದರೆ ಕಲ್ಲು ಬಾಯಿಗೆ ತಾಗುತ್ತಲೇ ಇಲ್ಲ. ದಪ್ಪ ಮಾರ್ಕರ್ ಪೆನ್ನಿನಿಂದ ಬಾಯಿಯ ಇಳಿಜಾರಿಗೆ ಮಸಿ ಬಳಿದು ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿ. ಮಸಿ ಮೇಲಿನ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನೂ ಎತ್ತಬೇಕು, ಬಾಯಿಯ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಇಳಿಸಬೇಕು.

ಪ್ರತಿ ಮಗ್ಗುಲಿಗೆ 15ರಿಂದ 20 ಡಿಗ್ರಿ ಇಂಥ ಚಾಕುಗಳಿಗೆ ಸರಿಯಾದ ಕೋನ. ಡಿಗ್ರಿ ಅಳೆಯುವ ಸಾಧನ ಬೇಕಾಗಿಲ್ಲ. ಅಲಗಿನ ಅಗಲ 15 ಮಿಲಿಮೀಟರ್ ಇದ್ದರೆ, ಬೆನ್ನನ್ನು ಕಲ್ಲಿನಿಂದ 4 ಮಿಲಿಮೀಟರ್ ಎತ್ತಿದಾಗ 15 ಡಿಗ್ರಿ, 5 ಮಿಲಿಮೀಟರ್ ಎತ್ತಿದಾಗ 20 ಡಿಗ್ರಿ. ಹತ್ತು ರೂಪಾಯಿಯ ಮೂರು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಆ ಐದು ಮಿಲಿಮೀಟರ್ ಹೆಚ್ಚುಕಡಿಮೆ ಸಿಗುತ್ತದೆ. ಹಣ್ಣು, ಕಾಗದ ಕೊಯ್ಯುವವರು 15ರ ಕಡೆಗೆ ಇರಲಿ. ನಮ್ಮಂಥ ಕೆಲಸದವರ ಚಾಕು 20ರ ಕಡೆಗೇ ಇರಬೇಕು. ಎರಡು ದಿನಕ್ಕೊಮ್ಮೆ ಬಾಯಿ ಮಗುಚುತ್ತಿದ್ದ ನನ್ನ ಚಾಕು ಕೋನ ಹೆಚ್ಚಿಸಿದ ಮೇಲೆ ವಾರಗಟ್ಟಲೆ ನಿಲ್ಲತೊಡಗಿತು. ಉಕ್ಕು ಅದೇ, ಕೆಲಸ ಅದೇ.

ಉಕ್ಕಿನ ಬಗ್ಗೆ ಒಂದಿಷ್ಟು

ಉಕ್ಕಿನ ತಪ್ಪಿಲ್ಲ ಎಂದು ಇಷ್ಟು ಹೇಳಿದ ಮೇಲೆ ಉಕ್ಕು ಏನೆಂದೂ ಹೇಳಬೇಕು. ಸ್ವಿಸ್ ಚಾಕುಗಳ ವಿಕ್ಟೋರಿನಾಕ್ಸ್ ಕಂಪನಿಯನ್ನು ಕಾರ್ಲ್ ಎಲ್ಸನರ್ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಆರಂಭಿಸಿದರು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಒದಗಿಸಿದರು. ಆಗ ತುಕ್ಕು ಹಿಡಿಯದ ಉಕ್ಕು ಇರಲಿಲ್ಲ. ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಬೆರೆಸಿದ ಅಂಥ ಉಕ್ಕನ್ನು ಕರಗಿಸಿದ್ದು 1913ರಲ್ಲಿ. 1921ರಲ್ಲಿ ಆ ಉಕ್ಕಿನ ಅಂತರರಾಷ್ಟ್ರೀಯ ಗುರುತಾದ ಇನಾಕ್ಸ್ ಎಂಬುದನ್ನು ಎಲ್ಸನರ್ ಅವರ ತಾಯಿಯ ಹೆಸರು ವಿಕ್ಟೋರಿಯಾಕ್ಕೆ ಸೇರಿಸಿ ಕಂಪನಿಗೆ ಈಗಿನ ಹೆಸರು ಬಂತು. ಹೆಸರಿನಲ್ಲೇ ಉಕ್ಕು ಇದೆ.

ಆ ಅಲಗುಗಳ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ, ಏಕೆಂದರೆ 60 ದಾಟಿದ ಚಾಕುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆದರೆ 56 ಎಂಬುದು ಬೇಕೆಂದೇ ಮಾಡಿದ ಆಯ್ಕೆ. ಬಾಯಿ ಮುರಿಯುವ ಬದಲು ಮಗುಚಲಿ, ಮಗುಚಿದ್ದನ್ನು ಯಾರು ಬೇಕಾದರೂ ಬಟ್ಟಲಿನ ಬುಡದಲ್ಲಿ ಸರಿಮಾಡಲಿ, ಮಳೆಯಲ್ಲಿ ತುಕ್ಕು ಹಿಡಿಯದಿರಲಿ ಎಂಬ ಲೆಕ್ಕ. ಅಮೆರಿಕದ ಟಿಮ್ ಲೆದರ್‌ಮನ್ ಅವರ ಮೊದಲ ಇಕ್ಕಳಸಹಿತ ಮಲ್ಟಿಟೂಲ್ 1983ರಲ್ಲಿ ಮಾರಾಟಕ್ಕೆ ಬಂತು. ಇಂದಿಗೂ ಆ ಕಂಪನಿಯ ಬಹುತೇಕ ಅಲಗುಗಳು 420ಎಚ್‌ಸಿ ಎಂಬ ಉಕ್ಕಿನವು. ಅದರಲ್ಲಿ ಶೇಕಡಾ 13ರ ಸುಮಾರು ಕ್ರೋಮಿಯಂ, ಶೇಕಡಾ ಅರ್ಧಕ್ಕಿಂತ ತುಸು ಕಡಿಮೆ ಇಂಗಾಲ. ಇದೂ ಅದೇ ಲೆಕ್ಕಾಚಾರದ ಉಕ್ಕು.

ಈಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಡಿ2 ಉಕ್ಕಿನ ಚಾಕುಗಳದು ಬೇರೆಯೇ ಸ್ವಭಾವ. ಅದರಲ್ಲಿ ಇಂಗಾಲ ಶೇಕಡಾ ಒಂದೂವರೆ, ಕ್ರೋಮಿಯಂ ಶೇಕಡಾ 12ರ ಹತ್ತಿರ. ಧಾರ ಬಹಳ ದಿನ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಅಷ್ಟು ಕ್ರೋಮಿಯಂ ಇರುವಾಗ ತುಕ್ಕು ಹಿಡಿಯಬಾರದು. ಆದರೆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಡಸು ಹರಳುಗಳಾಗಿ ಕೂತಿರುತ್ತದೆ, ಮೇಲ್ಮೈಯನ್ನು ಕಾಯಲು ಬೇಕಾದಷ್ಟು ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಬೆಳ್ಳಗಿರುವ ಡಿ2 ಅಲಗು ಮುಂಬಯಿಯ ಕಡಲಂಚಿನ ವರ್ಸೋವಾದಲ್ಲಿ ಒಂದೇ ಮಳೆಗಾಲಕ್ಕೆ ಚುಕ್ಕೆ ಕಟ್ಟಿಕೊಂಡರೆ ಅದು ದೋಷವಲ್ಲ, ಊರಿಗೆ ಒಗ್ಗದ ಆಯ್ಕೆ.

ತುಕ್ಕು, ಮತ್ತು ಬಳಸದೆಯೇ ಮೊಂಡಾಗುವುದು

ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದಕ್ಕೆ ಸಮುದ್ರದ ಗಾಳಿಯ ಉಪ್ಪು ಸೇರುತ್ತದೆ. ಲೋಕಲ್ ರೈಲಿನಲ್ಲಿ ಒಂದು ಗಂಟೆ ಒತ್ತಿಕೊಂಡು ನಿಂತವರ ಜೇಬಿನಲ್ಲಿ ಬೆವರಿನ ಉಪ್ಪೂ ಸೇರುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಕ್ರೋಮಿಯಂನ ಕಣ್ಣಿಗೆ ಕಾಣದ ಆಕ್ಸೈಡ್ ಪದರ. ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚಿ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಇಂಥ ಅಲಗಿನಲ್ಲಿ ತುಕ್ಕು ಹೊದಿಕೆಯಾಗಿ ಬರುವುದಿಲ್ಲ, ಸೂಜಿಮೊನೆಯ ಗುಂಡಿಗಳಾಗಿ ಬರುತ್ತದೆ.

ನೋಡಬೇಕಾದ ಜಾಗಗಳು ಮೂರು. ಬೆರಳುಗುರು ಹಾಕಿ ತೆರೆಯುವ ಗೀರು, ಕಂಪನಿಯ ಮುದ್ರೆ ಕೆತ್ತಿದ ಜಾಗ, ಮತ್ತು ಕೀಲು. ಕೀಲಿನೊಳಗೆ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಅಲ್ಲಿ ರಕ್ಷಣೆಯ ಪದರ ತಾನಾಗಿ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕವೂ ಸಿಗುವುದಿಲ್ಲ. ತೆರೆಯುವಾಗ ಕರಕರ ಸದ್ದು, ಬಟ್ಟೆಯಲ್ಲಿ ಒರೆಸಿದರೆ ಕಂದು ನೀರು ಕಂಡರೆ ಕೀಲಿನ ತುಕ್ಕು. ಬಿಸಿನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಚಾಕುವನ್ನು ಮುಳುಗಿಸಿ ಹತ್ತು ಹದಿನೈದು ಸಲ ತೆರೆದು ಮುಚ್ಚಿ. ಆಮೇಲೆ ಎಲ್ಲ ಅಲಗುಗಳನ್ನೂ ಅರ್ಧ ತೆರೆದು ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ರತಿ ಕೀಲಿಗೆ ಒಂದೇ ಹನಿ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಸರಿ. ಹಣ್ಣು ಕೊಯ್ಯುವ ಚಾಕುವಾದರೆ ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಅಂಟು ತೆಗೆಯಲು ತೆಂಗಿನೆಣ್ಣೆ ಹೇಳಿದೆನಲ್ಲ, ಅದನ್ನು ಕೀಲಿಗೆ ಬಿಡಬೇಡಿ. ಅಡುಗೆಯ ಎಣ್ಣೆಗಳು ಹಳತಾದಂತೆ ಕಮಟಾಗುತ್ತವೆ, ಕೆಲವು ಗೋಂದಿನಂತೆ ಗಟ್ಟಿಯಾಗುತ್ತವೆ.

ಇದಕ್ಕಿಂತ ವಿಚಿತ್ರವಾದ ದೂರು ಇನ್ನೊಂದಿದೆ: "ಸಾಣೆ ಹಿಡಿಸಿ ಬೀರುವಿನಲ್ಲಿಟ್ಟಿದ್ದೆ, ಮುಟ್ಟಿಯೇ ಇಲ್ಲ, ತೆಗೆದು ನೋಡಿದರೆ ಮೊಂಡು." ನಂಬಬಹುದಾದ ಮಾತು. ಬಾಯಿಯ ತುದಿ ಅಷ್ಟು ತೆಳುವಾದದ್ದರಿಂದ ಕಣ್ಣಿಗೆ ಕಾಣದಷ್ಟು ತುಕ್ಕೂ ಅದನ್ನು ತಿಂದು ಹಾಕುತ್ತದೆ. ಇಂಥ ಚಾಕು ಎಲ್ಲಿತ್ತು ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ, ಚರ್ಮದ ಚೀಲದಲ್ಲಿ. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ, ಹದ ಮಾಡಿದ ರಾಸಾಯನಿಕಗಳೂ ಅದರಲ್ಲಿ ಉಳಿದಿರುತ್ತವೆ. ಮಳೆಗಾಲದಲ್ಲಿ ಚೀಲ ಒಂದು ಕಡೆ, ಚಾಕು ಒಂದು ಕಡೆ ಇರಲಿ. ಲಿಂಬೆ, ಮಾವಿನಕಾಯಿ, ಕೋಕಂ ಕೊಯ್ದು ತೊಳೆಯದೆ ಮಡಚಿದ ಅಲಗಿಗೂ ಇದೇ ಗತಿ.

ಕಂದು ಚುಕ್ಕೆಗಳನ್ನು ಕಂಡು ಗಾಬರಿಯಾಗುವ ಮೊದಲು ಇನ್ನೊಂದನ್ನು ವಿಚಾರಿಸಿ: ಯಾರಾದರೂ ಕಬ್ಬಿಣದ ನಾರಿನಿಂದ ಚಾಕುವನ್ನು ಉಜ್ಜಿದ್ದಾರೆಯೇ? ಆ ನಾರಿನ ಕಣಗಳು ಅಲಗಿನಲ್ಲಿ ಹುದುಗಿ ತಾವು ತುಕ್ಕು ಹಿಡಿಯುತ್ತವೆ, ಅಪವಾದ ಅಲಗಿಗೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಟ್ಟೆಯಿಂದ ಉಜ್ಜಿದಾಗ ಚುಕ್ಕೆ ಪೂರ್ತಿ ಹೋಗಿ ಕೆಳಗೆ ಗುಂಡಿ ಕಾಣದಿದ್ದರೆ ಅದು ಹೊರಗಿನಿಂದ ಬಂದ ತುಕ್ಕು.

ಬಣ್ಣ ಬಂದ ಅಲಗು

ಅಲಗಿನ ತುದಿಯಲ್ಲಿ ಹೊನ್ನಿನ, ನೇರಳೆಯ, ನೀಲಿಯ ಪಟ್ಟಿಗಳು ಕಂಡರೆ ಯಾರೋ ಅದನ್ನು ಗ್ಯಾಸಿನ ಒಲೆಯ ಮೇಲೆ ಹಿಡಿದಿದ್ದಾರೆ. ನೈಲಾನ್ ಹಗ್ಗದ ತುದಿ ಕರಗಿಸಲು, ಮುಳ್ಳು ತೆಗೆಯುವ ಮುನ್ನ ಶುದ್ಧಿ ಮಾಡಲು, ಹೀಗೆ ಕಾರಣಗಳು ಹಲವು. ಇದು ಈ ಪಟ್ಟಿಯಲ್ಲಿ ಗುಣವಾಗದ ರೋಗ. ಕಾರ್ಖಾನೆಯಲ್ಲಿ ಉಕ್ಕನ್ನು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ, ತಣಿಸಿ, ಆಮೇಲೆ 150ರಿಂದ 200 ಡಿಗ್ರಿಯ ಸುಮಾರಿನಲ್ಲಿ ಹದ ಕೊಟ್ಟಿರುತ್ತಾರೆ. ಸಾಮಾನ್ಯ ಉಕ್ಕು ನೀಲಿಯಾಗುವುದು 300 ಡಿಗ್ರಿಯ ಆಸುಪಾಸಿನಲ್ಲಿ, ಸ್ಟೇನ್‌ಲೆಸ್‌ಗೆ ಅದಕ್ಕಿಂತಲೂ ಹೆಚ್ಚು ಬಿಸಿ ಬೇಕು. ಬಣ್ಣ ಬಂದಿದೆ ಎಂದರೆ ಕೊಟ್ಟ ಹದ ಹಿಂದೆ ಸರಿದಿದೆ.

ಖಚಿತ ಮಾಡಿಕೊಳ್ಳಲು ಒಂದು ಸಣ್ಣ ಅರ ಸಾಕು. ಹಿಡಿಯ ಬಳಿ ಬೆನ್ನಿನ ಮೇಲೆ ಒಮ್ಮೆ, ಬಣ್ಣ ಬಂದ ಜಾಗದಲ್ಲಿ ಒಮ್ಮೆ ಒಂದೇ ಒತ್ತಡದಲ್ಲಿ ಎಳೆಯಿರಿ. ಮೊದಲ ಕಡೆ ಅರ ಜಾರುತ್ತ ಕೆರೆದು, ಎರಡನೆಯ ಕಡೆ ಸಲೀಸಾಗಿ ಕಚ್ಚಿದರೆ ಅನುಮಾನ ಬೇಡ. ಬಣ್ಣವನ್ನು ಉಜ್ಜಿ ತೆಗೆದರೆ ಹದ ಮರಳುವುದಿಲ್ಲ. ಬಣ್ಣ ತುದಿಯ ಅರ್ಧ ಸೆಂಟಿಮೀಟರಿಗೆ ನಿಂತಿದ್ದರೆ ಅಷ್ಟನ್ನು ತೇಯ್ದು ಹೊಸ ಮೊನೆ ಮಾಡಬಹುದು. ಅಲಗಿನ ನಡುವಿನವರೆಗೆ ಬಂದಿದ್ದರೆ ಅದು ಇನ್ನು ಬೆಣ್ಣೆ ಹಚ್ಚುವ ಚಾಕು.

ಮಲ್ಟಿಟೂಲಿನ ತಂತಿ ಕತ್ತರಿ

ಇಕ್ಕಳದ ಬುಡದ ತಂತಿ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ಬೆಳಕು ತೂರಿದರೆ ಎರಡು ಕಥೆಗಳಲ್ಲಿ ಒಂದು. ಚೂಪಾದ ಸಣ್ಣ ಕಚ್ಚು ಇದ್ದರೆ ಗಡಸು ತಂತಿ ಕತ್ತರಿಸಿದ್ದಾರೆ: ಸ್ಪ್ರಿಂಗು, ಸೈಕಲ್ಲಿನ ಬ್ರೇಕಿನ ಕೇಬಲ್ಲು, ಗಿಟಾರಿನ ತಂತಿ. ಇಕ್ಕಳದ ಉಕ್ಕಿಗಿಂತ ಆ ತಂತಿಯೇ ಗಡಸಾಗಿರಬಹುದು. ಲೆದರ್‌ಮನ್‌ನ ವೇವ್ ಪ್ಲಸ್‌ನಂಥ ಮಾದರಿಗಳಲ್ಲಿ ಈ ಕತ್ತರಿಯ ತುಂಡುಗಳನ್ನು ಬಿಚ್ಚಿ ಬದಲಿಸಬಹುದು, ಉಳಿದವುಗಳಲ್ಲಿ ಕಚ್ಚಿನ ಜೊತೆಗೇ ಬಾಳಬೇಕು.

ಅರ್ಧಚಂದ್ರದಂತೆ ದುಂಡಗಿನ ಗುಂಡಿ, ಅದರ ಅಂಚು ಕರಗಿ ನುಣುಪಾಗಿ, ಸುತ್ತ ಮಸಿ ಇದ್ದರೆ ಅದು ವಿದ್ಯುತ್ ಹರಿಯುತ್ತಿದ್ದ ತಂತಿ. ನನ್ನ ಇಕ್ಕಳದಲ್ಲೂ ಅಂಥದೊಂದು ಇದೆ. ದಾದರಿನ ಒಂದು ಅಡುಗೆಮನೆಯಲ್ಲಿ "ಮೇನ್ ಆಫ್ ಮಾಡಿದ್ದೇನೆ ಅಣ್ಣ" ಎಂದ ಹುಡುಗನ ಮಾತನ್ನು ಪರೀಕ್ಷಿಸದೆ ನಂಬಿದ ದಿನದ್ದು. ಅವನು ಆಫ್ ಮಾಡಿದ್ದು ಪಕ್ಕದ ಕೋಣೆಯದನ್ನು. ಢಂ ಎಂದು ಬೆಳಕು ಸಿಡಿಯಿತು, ರಬ್ಬರಿನ ಚಪ್ಪಲಿ ಕಾಲಲ್ಲಿತ್ತು, ಬದುಕಿದೆ. ಮಲ್ಟಿಟೂಲಿನ ಹಿಡಿ ಬರಿಯ ಲೋಹ, ಎಲೆಕ್ಟ್ರಿಷಿಯನ್ನನ ಇಕ್ಕಳಕ್ಕಿರುವ ಹೊದಿಕೆ ಅದಕ್ಕಿಲ್ಲ. ಆ ಗುಂಡಿಯನ್ನು ನಾನು ತೇಯ್ದು ತೆಗೆದಿಲ್ಲ.

ಅಲುಗಾಟ, ಬೀಗ, ಮೊನೆ

ಅಲಗು ತೆರೆದಾಗ ಎಡಬಲಕ್ಕೆ ಅಲುಗಿದರೆ ಕೀಲು ಸಡಿಲ. ಸ್ಕ್ರೂ ಇರುವ ಚಾಕುವಾದರೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ಟಿನಿಂದ ಎಂಟನೆಯ ಒಂದು ಸುತ್ತಿನಷ್ಟೇ ಬಿಗಿಮಾಡಿ. ಅಂಥ ಬಿಟ್ಟುಗಳು ನಾಗದೇವಿ ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಮತ್ತೆ ಮತ್ತೆ ಸಡಿಲವಾದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್‌ಲಾಕರ್, ನೀಲಿ ಬಣ್ಣದ್ದು, ಒಂದು ಹನಿ. ಕೆಂಪು ಬಣ್ಣದ್ದನ್ನು ಹಾಕಿದರೆ ಮುಂದೆ ಬಿಚ್ಚಲು ಹರಸಾಹಸ. ರಿವೆಟ್ ಹೊಡೆದ ಸ್ವಿಸ್ ಚಾಕುಗಳಲ್ಲಿ ಬಿಗಿಮಾಡುವ ದಾರಿ ಇಲ್ಲ, ಕೂದಲೆಳೆಯಷ್ಟು ಅಲುಗಾಟವನ್ನು ಸಹಿಸಿ.

ಅಲುಗಾಟ ಮೇಲೆ ಕೆಳಗೆ ಇದ್ದರೆ ಅದು ಕೀಲಲ್ಲ, ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಬೀಗ. ಅದನ್ನು ಸಹಿಸಬಾರದು. ಮೊದಲು ಬೀಗದ ತಗಡು ಕೂರುವ ಜಾಗವನ್ನು ಹಲ್ಲುಕಡ್ಡಿಯಿಂದ ಕೆದಕಿ, ಜೇಬಿನ ನೂಲು ಮುದ್ದೆಯಾಗಿ ಕೂತಿರುವುದೇ ಹೆಚ್ಚು. ಶುಚಿ ಮಾಡಿದ ಮೇಲೆ, ಬೆರಳುಗಳನ್ನು ಅಲಗು ಮುಚ್ಚುವ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ಒತ್ತಿ. ಬೀಗ ಜಾರಿದರೆ ಆ ಚಾಕು ಮೂಲೆಗೆ ಹೋಗಲಿ. ಉತ್ಪಾದನೆಯ ದೋಷಕ್ಕೆ ವಿಕ್ಟೋರಿನಾಕ್ಸ್ ಜೀವಮಾನದ, ಲೆದರ್‌ಮನ್ 25 ವರ್ಷದ ಭರವಸೆ ಕೊಡುತ್ತವೆ. ಆದರೆ ಡಬ್ಬ ಎಬ್ಬಿಸಿ ಮುರಿದದ್ದಕ್ಕೂ ಒಲೆಯಲ್ಲಿ ಸುಟ್ಟದ್ದಕ್ಕೂ ಅದು ಅನ್ವಯಿಸುವುದಿಲ್ಲ.

ಮುರಿದ ಮೊನೆಯನ್ನು ತೇಯುವಾಗ ಬಹುತೇಕರು ಬಾಯಿಯ ಕಡೆಯಿಂದ ತೇಯ್ದು ಮೇಲಕ್ಕೆ ಸೇರಿಸುತ್ತಾರೆ. ಹಾಗೆ ಮಾಡಿದರೆ ಮೊನೆ ಬೆನ್ನಿನ ಮಟ್ಟಕ್ಕೆ ಏರುತ್ತದೆ, ಚಾಕುವನ್ನು ಮಡಚಿದಾಗ ಅದು ಹಿಡಿಯಿಂದ ಹೊರಗೆ ಇಣುಕಿ ಜೇಬನ್ನೂ ತೊಡೆಯನ್ನೂ ಚುಚ್ಚುತ್ತದೆ. ತೇಯಬೇಕಾದದ್ದು ಬೆನ್ನಿನ ಕಡೆಯಿಂದ, ಬಾಯಿಯ ಗೆರೆಗೆ ಇಳಿಯುವವರೆಗೆ, ಆಗಾಗ ನೀರಿನಲ್ಲಿ ಅದ್ದುತ್ತ. ಪ್ರತಿ ಹತ್ತು ಎಳೆತಕ್ಕೊಮ್ಮೆ ಮಡಚಿ ನೋಡಿ.

ಶೆಟ್ಟರ ದಾಸ್ತಾನು ಕೋಣೆಗೆ ನಾನು ಕೊನೆಗೆ ಸೂಚಿಸಿದ್ದು ಮೊಂಡಾದಾಗ ತುದಿ ಮುರಿದು ಹೊಸ ಬಾಯಿ ತೆಗೆಯುವ ಅಗ್ಗದ ಪೇಪರ್ ಕಟರ್. ಮರುಬಳಕೆಯ ರಟ್ಟಿನಲ್ಲಿ ಮಣ್ಣಿನ ಕಣ ಇರುತ್ತದೆ, ದಿನಕ್ಕೆ ಮೂವತ್ತು ಪೆಟ್ಟಿಗೆ ಬಿಚ್ಚಿದರೆ ಯಾವ ಉಕ್ಕೂ ಸವೆಯುತ್ತದೆ. ಪೆಟ್ಟಿಗೆಗೆ ಕಟರ್, ಮಿಕ್ಕದ್ದಕ್ಕೆ ಮಲ್ಟಿಟೂಲ್. ಎರಡು ತಿಂಗಳ ಮೇಲೆ ಹೋದಾಗ ಅವರು ಅಲಗು ತೆರೆದು ಪತ್ರಿಕೆ ಸೀಳಿ ತೋರಿಸಿದರು. "ನೋಡಿ ಮಾರಾಯರೆ, ಉಕ್ಕು ಈಗ ಸರಿಹೋಯಿತು."